ಜೈವಿಕ ದತ್ತಾಂಶಕ್ಕೂ ಬೇಕು ಲೆಕ್ಕಪತ್ರದ ಶಿಸ್ತು

ಗಿಡಮೂಲಿಕೆ, ಬೀಜ, ಸಾಂಬಾರ ಪದಾರ್ಥಗಳ ವ್ಯವಹಾರದಲ್ಲಿರುವ ನಮ್ಮ ಸದಸ್ಯರು ಎರಡು ಬಗೆಯ ದಾಖಲೆಗಳನ್ನು ಇಡುತ್ತಾರೆ. ಒಂದು, ಹಣದ ಲೆಕ್ಕ. ಇನ್ನೊಂದು, ಸರಕಿನ ಜಾತಿ, ಮೂಲಸ್ಥಳ, ಸಂಗ್ರಹಿಸಿದ ದಿನ ಮುಂತಾದ ಜೈವಿಕ ವಿವರ. ಮೊದಲನೆಯದಕ್ಕೆ ಇರುವ ಶಿಸ್ತು ಎರಡನೆಯದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ.

‘ಬ್ರಾಹ್ಮಿ’ ಎಂಬ ಹೆಸರನ್ನೇ ನೋಡೋಣ. ಆಯುರ್ವೇದ ಔಷಧಕೋಶದ ಪ್ರಕಾರ ಅದು ಬಕೋಪಾ ಮೊನ್ನಿಯೇರಿ, ಅಂದರೆ ನೀರುಬ್ರಾಹ್ಮಿ. ಆದರೆ ನಮ್ಮಲ್ಲಿ ಒಂದೆಲಗವನ್ನೂ, ಅಂದರೆ ಸೆಂಟೆಲ್ಲಾ ಏಷಿಯಾಟಿಕಾವನ್ನೂ, ಬ್ರಾಹ್ಮಿ ಎನ್ನುವ ರೂಢಿಯಿದೆ. ದಾಸ್ತಾನು ಪುಸ್ತಕದಲ್ಲಿ ‘ಬ್ರಾಹ್ಮಿ’ ಎಂದಷ್ಟೇ ಬರೆದಿದ್ದರೆ ಮೂಟೆಯಲ್ಲಿರುವುದು ಯಾವುದೆಂದು ಪುಸ್ತಕ ಹೇಳಲಾರದು. ಸರಕು ತಿರಸ್ಕೃತವಾದಲ್ಲಿ ನಷ್ಟ ಮಾರಿದವರದೇ.

ಇಂತಹ ಗೊಂದಲ ನಿವಾರಣೆಗಾಗಿಯೇ ‘ಡಾರ್ವಿನ್ ಕೋರ್’ ಎಂಬ ಅಂತರರಾಷ್ಟ್ರೀಯ ಮಾನದಂಡವು 2009ರಲ್ಲಿ ಅಂಗೀಕೃತವಾಯಿತು. ಕಾಫಿಗೆ 0901 ಎಂಬ ಎಚ್‌ಎಸ್‌ಎನ್ ಶೀರ್ಷಿಕೆ ಎಲ್ಲೆಡೆ ಒಂದೇ ಅರ್ಥ ಕೊಡುವಂತೆ, ಇಲ್ಲಿ ಪ್ರತಿ ಅಂಕಣಕ್ಕೂ ನಿಶ್ಚಿತ ಹೆಸರು ಹಾಗೂ ಅರ್ಥವಿದೆ. ಅದರಿಂದ ನಮ್ಮ ಉಪಯೋಗಕ್ಕೆ ಬರುವ ಅಂಶಗಳು ಇವು:

1. ವೈಜ್ಞಾನಿಕ ಹೆಸರು ಮತ್ತು ಆಡುಹೆಸರು ಬೇರೆ ಬೇರೆ ಅಂಕಣಗಳಲ್ಲಿರಲಿ.

2. ದಿನಾಂಕವನ್ನು ವರ್ಷ-ತಿಂಗಳು-ದಿನದ ಕ್ರಮದಲ್ಲಿ ಬರೆಯಿರಿ. 3-4-2024 ನಮಗೆ ಏಪ್ರಿಲ್ 3. ಅಮೆರಿಕದ ಖರೀದಿದಾರನಿಗೆ ಮಾರ್ಚ್ 4. 2024-04-03 ಎಂದರೆ ಸಂದೇಹವಿಲ್ಲ.

3. ಗ್ರಾಮ, ಜಿಲ್ಲೆ, ರಾಜ್ಯಗಳನ್ನು ಒಂದೇ ಸಾಲಿನಲ್ಲಿ ತುರುಕದೆ ಪ್ರತ್ಯೇಕವಾಗಿ ನಮೂದಿಸಿರಿ.

4. ಪ್ರತಿ ದಾಖಲೆಗೂ ಮತ್ತೆ ಬಳಸದ ಒಂದು ಕ್ರಮಸಂಖ್ಯೆ ಇರಲಿ.

ತಂತ್ರಾಂಶದ ಬಗ್ಗೆಯೂ ಎಚ್ಚರ ಅಗತ್ಯ. ‘ಸೆಪ್ಟ್ 1’ ಎಂಬ ಮಾನವ ಜೀನಿನ ಸಂಕೇತವನ್ನು ಎಕ್ಸೆಲ್ ಸೆಪ್ಟೆಂಬರ್ 1 ಎಂದು ಬದಲಿಸುತ್ತಿತ್ತು. ಈ ದೋಷವನ್ನು 2004ರಲ್ಲಿಯೇ ಸಂಶೋಧಕರು ಎತ್ತಿ ತೋರಿಸಿದ್ದರು. ಆದರೂ 2016ರ ಅಧ್ಯಯನವೊಂದರಲ್ಲಿ, ಜೀನುಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಲಗತ್ತಿಸಿದ್ದ ಲೇಖನಗಳ ಪೈಕಿ ಸುಮಾರು ಐದನೆಯ ಒಂದು ಭಾಗದಲ್ಲಿ ಇಂತಹ ತಪ್ಪುಗಳು ಕಂಡುಬಂದವು. ಕೊನೆಗೆ ನಾಮಕರಣ ಸಮಿತಿಯು ಜೀನಿನ ಸಂಕೇತವನ್ನೇ ‘ಸೆಪ್ಟಿನ್ 1’ ಎಂದು ಮಾರ್ಪಡಿಸಬೇಕಾಯಿತು. 2020ರಲ್ಲಿ ಪ್ರಕಟವಾದ ಅದರ ಮಾರ್ಗಸೂಚಿಯಲ್ಲಿ ಇದು ದಾಖಲಾಗಿದೆ. ‘ಮಾರ್ಚ್’ ಅಕ್ಷರಗಳಿಂದ ಆರಂಭವಾಗುವ ನಿಮ್ಮ ಬ್ಯಾಚ್ ಸಂಖ್ಯೆಗೂ ಇದೇ ಗತಿಯಾದೀತು. 0901ರ ಮುಂದಿನ ಸೊನ್ನೆಯೂ ಹಾರಿಹೋದೀತು. ಆದುದರಿಂದ ಸಂಕೇತಗಳ ಅಂಕಣವನ್ನು ದತ್ತಾಂಶ ತುಂಬುವ ಮೊದಲೇ ‘ಟೆಕ್ಸ್ಟ್’ ಎಂದು ನಿಗದಿಪಡಿಸತಕ್ಕದ್ದು.

ಹಳೆಯ ದಾಖಲೆಗಳನ್ನು ಅಳಿಸಿ ತಿದ್ದುವುದು ಸಲ್ಲದು. ಮೂಲ ನಮೂದನ್ನು ಹಾಗೆಯೇ ಉಳಿಸಿ, ಸರಿಪಡಿಸಿದ ರೂಪವನ್ನು ಪಕ್ಕದ ಅಂಕಣದಲ್ಲಿ ಬರೆಯಬೇಕು; ಲೆಕ್ಕದಲ್ಲಿ ತಿದ್ದುಪಡಿ ನಮೂದು ಹಾಕುವ ಕ್ರಮವೇ ಇದು. ಈ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ದತ್ತಾಂಶ ನೋಡಿಕೊಳ್ಳುವ ಸಿಬ್ಬಂದಿಗೆ ಕೊಡಿರಿ. ಮೊದಲು ಒಂದೇ ಸರಕಿಗೆ ಅನ್ವಯಿಸಿ, ಮೂರು ತಿಂಗಳ ನಂತರ ದಾಸ್ತಾನಿನೊಡನೆ ತಾಳೆ ನೋಡಿ, ಬಳಿಕ ಉಳಿದವುಗಳಿಗೆ ವಿಸ್ತರಿಸುವುದು ಸೂಕ್ತ.