ನಮ್ಮ ಶೆಡ್ಡಿಗೆ ಇಲ್ಲದ ಎರಡನೇ ಬಾಗಿಲು

ವಿಮಾನ ರಿಪೇರಿ ಕಲಿಸುವ ಶಾಲೆ ತೆರೆಯುವ ಆಸೆ ಹೊತ್ತವರು ಆಗಾಗ ನನಗೆ ಫೋನ್ ಮಾಡುತ್ತಾರೆ. ಜಾಗ ಇದೆ ಸಾರ್, ಶೆಡ್ ಹಾಕಿಸಿದ್ದೇವೆ, ಹಾರಾಟ ನಿಲ್ಲಿಸಿದ ಹಳೆಯ ವಿಮಾನವೊಂದು ಸಿಗುವ ಹಾಗಿದೆ, ವಿಮಾನಯಾನದ ಮೇಲ್ವಿಚಾರಣೆ ಮಾಡುವ ಸರಕಾರಿ ಇಲಾಖೆ ಡಿಜಿಸಿಎಯ ಅನುಮತಿಗೆ ಯಾರನ್ನು ನೋಡಬೇಕು ಹೇಳಿ ಅನ್ನುತ್ತಾರೆ. ‘ಯಾರನ್ನು ನೋಡಬೇಕು’ ಅಂದರೆ ಸಾಕು, ನನಗೆ ಪಿತ್ತ ನೆತ್ತಿಗೇರುತ್ತದೆ. ನಮ್ಮ ಶಾಲೆ ಹಳ್ಳ ಹಿಡಿಯುವುದರಲ್ಲಿದ್ದದ್ದು ಇದೇ ಪ್ರಶ್ನೆಯಿಂದ.

ನಾನು ವಾಯುಪಡೆಯಲ್ಲಿ ಏರ್‌ಫ್ರೇಮ್ ಟ್ರೇಡಿನವನು. ನಿವೃತ್ತನಾಗಿ ಯಲಹಂಕದ ಕಡೆ ಮನೆ ಕಟ್ಟಿಕೊಂಡ ಮೇಲೆ, ಸೋದರಮಾವನ ಮಗ ನಡೆಸುತ್ತಿದ್ದ ಏಎಂಇ, ಅಂದರೆ ವಿಮಾನ ನಿರ್ವಹಣಾ ಎಂಜಿನಿಯರುಗಳ, ಶಾಲೆಗೆ ಕ್ವಾಲಿಟಿ ಮ್ಯಾನೇಜರ್ ಆಗಿ ಸೇರಿದೆ. ಶಾಲೆಗೆ ಆಗಲೇ ಬಿ1.1 ಅನುಮತಿ ಇತ್ತು. ಬಿ1.1 ಅಂದರೆ ಟರ್ಬೈನ್ ಎಂಜಿನ್ನಿನ ವಿಮಾನಗಳ ಮೆಕ್ಯಾನಿಕಲ್ ವಿಭಾಗ. ಏವಿಯಾನಿಕ್ಸ್ ಕಲಿಸುವ ಬಿ2 ಸೇರಿಸಬೇಕೆಂದು ಮಾಲೀಕನಿಗೆ ಆಸೆ. ಆಸೆಯೇನೋ ಸರಿಯೇ.

ಇಂಥ ಶಾಲೆಗಳಿಗೆ ಡಿಜಿಸಿಎ ಮಾಡಿದ ಸಿಎಆರ್-147 ನಿಯಮಾವಳಿ ಓದಿ ಹೆದರಿಕೊಳ್ಳುವವರು ಅಂಕಿಸಂಖ್ಯೆಗಳನ್ನು ನೋಡಿಯೇ ಹೆದರುತ್ತಾರೆ. ಕೋರ್ಸು 2400 ಗಂಟೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಪ್ರಾಕ್ಟಿಕಲ್. ಥಿಯರಿ ತರಗತಿಯಲ್ಲಿ 28 ಜನಕ್ಕಿಂತ ಹೆಚ್ಚು ಕೂರಿಸುವಂತಿಲ್ಲ, ವರ್ಕ್‌ಶಾಪಿನಲ್ಲಿ 15 ಹುಡುಗರಿಗೆ ಒಬ್ಬ ಮೇಲ್ವಿಚಾರಕ ಬೇಕು, ಪಾಸಾಗಲು ನೂರಕ್ಕೆ 75 ಅಂಕ ಬೇಕು. ಇವು ದುಡ್ಡು ಮತ್ತು ಶ್ರದ್ಧೆಯ ಮಾತು, ಇದ್ದವರಿಗೆ ಆಗುತ್ತದೆ. ಕಷ್ಟ ಇರುವುದು ಎಂಟಿಒಇ ಎಂಬ ಪುಸ್ತಕದಲ್ಲಿ. ಮೇಂಟೆನೆನ್ಸ್ ಟ್ರೈನಿಂಗ್ ಆರ್ಗನೈಸೇಷನ್ ಎಕ್ಸ್‌ಪೊಸಿಷನ್ ಎಂಬುದು ಅದರ ಪೂರ್ತಿ ಹೆಸರು. ಪ್ರಶ್ನೆಪತ್ರಿಕೆಯ ಕೀಲಿಕೈ ಯಾರ ಬಳಿ, ಸಂಜೆ ಸಲಕರಣೆ ಎಣಿಸುವವರು ಯಾರು, ಹುಡುಗರ ದಾಖಲೆ ಇಡುವುದೆಲ್ಲಿ, ಎಲ್ಲವನ್ನೂ ಶಾಲೆ ತಾನೇ ಬರೆದುಕೊಡಬೇಕು. ಡಿಜಿಸಿಎ ಒಪ್ಪಿದ ಮೇಲೆ ಅದೇ ನಿಮಗೆ ಕಾನೂನು. ಆಡಿಟ್‌ಗೆ ಬಂದವರು ಸರಕಾರದ ನಿಯಮದ ಜೊತೆಗೆ ನಿಮ್ಮದೇ ಮಾತನ್ನು ಹಿಡಿದು ನಿಮ್ಮನ್ನು ಅಳೆಯುತ್ತಾರೆ.

ಹಳೆಯ ಪುಸ್ತಕವನ್ನು ಮೊದಲಿದ್ದ ಟ್ರೈನಿಂಗ್ ಮ್ಯಾನೇಜರ್ ಕೂತು ಬರೆದಿದ್ದರು, ನೆಟ್ಟಗಿತ್ತು. ಬಿ2 ಭಾಗವನ್ನು ಅದಕ್ಕೇ ಸೇರಿಸಿದ್ದರೆ ಸಾಕಿತ್ತು. ಆದರೆ ಮಾಲೀಕನ ಭಾವಮೈದುನ ಎಂಬ ಪ್ರಾಣಿ ನಡುವೆ ಬಂದ. ಅಡ್ಮಿಷನ್ನು, ಕ್ಯಾಂಟೀನು, ಬಸ್ಸು ಎಲ್ಲ ಅವನದೇ ಕಾರುಬಾರು. ಅವನು ದಿಲ್ಲಿಯಲ್ಲಿ ಯಾರನ್ನೋ ‘ನೋಡಿ’, ಹೊಸ ಪುಸ್ತಕವನ್ನೇ ಮಾಡಿಸಿಕೊಂಡು ಬಂದ. ದಪ್ಪ ಬೈಂಡು, ಬಣ್ಣದ ನಕ್ಷೆ. ತಿರುವಿ ನೋಡಿದರೆ ಬೇರೆ ಯಾವುದೋ ಶಾಲೆಯ ಪುಸ್ತಕಕ್ಕೆ ನಮ್ಮ ಹೆಸರು ಅಂಟಿಸಿದ್ದರು. ನಾನು ತಕರಾರು ತೆಗೆದೆ. “ಅಣ್ಣಾ, ಎಲ್ಲರದ್ದೂ ಹಿಂಗೇ ಇರೋದು. ಇಷ್ಟು ದಪ್ಪದ್ದನ್ನ ಯಾರು ಓದ್ತಾರೆ?” ಅಂದ. ನನ್ನ ಆಕ್ಷೇಪವನ್ನು ಬರವಣಿಗೆಯಲ್ಲೇ ಕೊಟ್ಟೆ, ಮಾಲೀಕ ರುಜು ಹಾಕಿ ಪಡೆದುಕೊಂಡ. ಆ ಪ್ರತಿ ಈಗಲೂ ನನ್ನ ಟ್ರಂಕಿನಲ್ಲಿದೆ, ಯಾರಾದರೂ ಬಂದು ನೋಡಬಹುದು.

ಕಚೇರಿಯ ಮೇಜಿನ ಮೇಲೆ ಆ ಪುಸ್ತಕಕ್ಕೆ ಆದ ಗತಿ ಕೇಳಿ. ಇಂಥ ಪುಸ್ತಕದ ಮೊದಲಿಗೆ ಒಂದು ಪಟ್ಟಿ ಇರುತ್ತದೆ, ಯಾವ ಪುಟ ಯಾವ ಪರಿಷ್ಕರಣೆಯದು, ಯಾವ ತಾರೀಖಿನದು ಎಂದು. ಪುಟದ ಬುಡದಲ್ಲಿರುವ ತಾರೀಖು ಪಟ್ಟಿಯ ತಾರೀಖಿಗೆ ತಾಳೆಯಾಗಬೇಕು. ಒಂದು ಫೋನ್ ನಂಬರ್ ಬದಲಾಯಿಸಿದರೂ ಪುಟ, ಪಟ್ಟಿ, ತಿದ್ದುಪಡಿ ದಾಖಲೆ ಎಲ್ಲವನ್ನೂ ಹೊಸದಾಗಿ ಮಾಡಬೇಕು. ನಮ್ಮ ಕಡತ ನೋಡುತ್ತಿದ್ದ ಅಧಿಕಾರಿ ಒಂದು ಪುಟದ ತಾರೀಖು ತಪ್ಪಿದೆ ಎಂದು ವಾಪಸ್ ಕಳಿಸುವರು. ಸರಿಮಾಡಿ ಕೊಟ್ಟರೆ ಇನ್ನೊಂದು ಪುಟದ್ದು ಹಿಡಿಯುವರು. ಇದ್ದ ತಪ್ಪನ್ನೆಲ್ಲ ಒಂದೇ ಸಲ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಬಿ2 ಲ್ಯಾಬಿಗೆಂದು ತಂದ ಓಸಿಲೋಸ್ಕೋಪುಗಳು ಪ್ಯಾಕಿಂಗ್ ಬಿಚ್ಚದೆ ಬಿದ್ದಿದ್ದವು, ಹೊಸ ಮೇಷ್ಟರಿಗೆ ಸುಮ್ಮನೆ ಸಂಬಳ ಹೋಗುತ್ತಿತ್ತು. ಪ್ರತಿ ಪುಟದ ಬುಡ ನೋಡಿದ ಆ ಮಹಾನುಭಾವರು ಪುಟದ ನಡುವೆ ಏನು ಬರೆದಿದೆ ಎಂದು ಒಂದು ಸಾಲನ್ನೂ ಓದಿರಲಿಲ್ಲ. ಓದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆವು, ಮುಂದಿನ ಮಾನಭಂಗವಾದರೂ ತಪ್ಪುತ್ತಿತ್ತು.

ಆಡಿಟ್‌ಗೆ ಇಬ್ಬರು ಬಂದರು. ಹಿರಿಯರು ಮೆತ್ತಗೆ ಮಾತಾಡುವವರು, ಅಂಥವರನ್ನು ಕಂಡರೇ ನನಗೆ ಭಯ. ತರಗತಿ, ಗ್ರಂಥಾಲಯ ಬೇಗ ಮುಗಿದವು. ಸಲಕರಣೆ ಇಡುವ ಟೂಲ್ ಕ್ರಿಬ್‌ಗೆ ಬಂದರು. ಅದು ನಾನೇ ನಿಂತು ಮಾಡಿಸಿದ ಜಾಗ. ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದೆ. ಸ್ಪ್ಯಾನರ್ ಇಲ್ಲದಿದ್ದರೆ ಕೆಂಪು ಕಣ್ಣಿಗೆ ಹೊಡೆಯುತ್ತದೆ. ಹಿರಿಯರು ಒಂದು ಟಾರ್ಕ್ ರೆಂಚ್ ಕೈಗೆತ್ತಿಕೊಂಡು, ಅದರ ಮೈಮೇಲೆ ಕೊರೆದ ನಂಬರನ್ನು ಕ್ಯಾಲಿಬ್ರೇಷನ್ ಸರ್ಟಿಫಿಕೇಟಿನ ಜೊತೆ ತಾಳೆ ನೋಡಿದರು. ಸರಿಯಿತ್ತು. ನಾನು ಒಳಗೊಳಗೇ ಹಿಗ್ಗಿದೆ. ಆಗ ಅವರು ಬಗಲಲ್ಲಿದ್ದ ಎಂಟಿಒಇ ತೆಗೆದರು.

“ಟೋಕನ್ ಬೋರ್ಡ್ ಎಲ್ಲಿ?” ಎಂದು ಕ್ರಿಬ್‌ನ ಹುಡುಗನನ್ನು ಕೇಳಿದರು.

“ಟೋಕನ್ ಇಲ್ಲ ಸಾರ್, ರಿಜಿಸ್ಟರ್ ಇದೆ” ಅಂದ ಅವನು. ಪಾಪ, ನಿಜ ಹೇಳಿದ.

“ಪ್ರತಿ ವಿದ್ಯಾರ್ಥಿಗೂ ನಂಬರ್ ಹಾಕಿದ ಹಿತ್ತಾಳೆ ಬಿಲ್ಲೆ ಕೊಡುತ್ತೀರಿ ಎಂದು ಬರೆದಿದೆಯಲ್ಲ?”

ಹುಡುಗ ನನ್ನ ಮುಖ ನೋಡಿದ. ರಿಜಿಸ್ಟರಿನಲ್ಲಿ ಪಡೆದವನ ರುಜು, ಹೊತ್ತು, ವಾಪಸಾದಾಗಿನ ಸ್ಥಿತಿ ಎಲ್ಲ ಇತ್ತು. ಬಿಲ್ಲೆಗಿಂತ ಅದು ಮೇಲು ಎಂದು ಈಗಲೂ ವಾದಿಸುತ್ತೇನೆ. ಆದರೆ ಪುಸ್ತಕದಲ್ಲಿ ಬಿಲ್ಲೆ ಇತ್ತು.

ಅವರು ಪುಟ ಮಗುಚಿದರು. “ಪ್ರಶ್ನೆಪತ್ರಿಕೆ ಇಡುವ ಭದ್ರತಾ ಕೊಠಡಿ, ಹ್ಯಾಂಗರಿನ ಎರಡನೇ ಬಾಗಿಲಿನ ಪಕ್ಕ” ಎಂದು ಓದಿ, ತಲೆಯೆತ್ತಿ ನೋಡಿ, ಶೆಡ್ಡಿನ ಗೋಡೆ ಹಿಡಿದು ನಡೆಯತೊಡಗಿದರು. ನಮ್ಮ ಶೆಡ್ಡಿಗೆ ಇರುವುದು ಒಂದೇ ಬಾಗಿಲು. ಅವರ ಹಿಂದೆ ಮಾಲೀಕ, ಅವನ ಹಿಂದೆ ಪರೀಕ್ಷೆಯ ಮೇಷ್ಟರು, ಕೊನೆಗೆ ನಾನು. ದೇವರ ಪ್ರದಕ್ಷಿಣೆ ಹಾಕುವವರ ಹಾಗೆ ಪೂರ್ತಿ ಒಂದು ಸುತ್ತು ಹಾಕಿದೆವು. ಫೈಲ್ ಹಿಡಿದು ಉಜ್ಜುತ್ತಿದ್ದ ಹುಡುಗರು ಕೈ ನಿಲ್ಲಿಸಿ ನೋಡುತ್ತಿದ್ದರು. ಭಾವಮೈದುನ ಓಡಿಬಂದು, “ಸಾರ್, ಅದು ಟೈಪಿಂಗ್ ಮಿಸ್ಟೇಕು, ಟೀ ರೆಡಿ ಇದೆ” ಅಂದ.

“ಬಾಗಿಲು ಟೈಪಿಂಗ್ ಮಿಸ್ಟೇಕೇ?” ಎಂದು ಅವರು ಮೆತ್ತಗೇ ಕೇಳಿದರು.

ಇದು ನಗುವ ವಿಷಯವಲ್ಲ. ಆಡಿಟ್‌ನ ಫೈಂಡಿಂಗ್‌ಗಳಲ್ಲಿ ಎರಡು ದರ್ಜೆ. ಎರಡನೆಯದಾದರೆ ಸರಿಪಡಿಸಿಕೊಳ್ಳಲು ಕಾಲಾವಕಾಶ ಸಿಗುತ್ತದೆ. ಪರೀಕ್ಷೆಯೇ ಅಸಿಂಧುವಾಗುವಂಥ ಲೋಪ ಕಂಡರೆ ಅದು ಮೊದಲನೇ ದರ್ಜೆ, ಇರುವ ಅನುಮತಿಯೇ ಅಮಾನತಾಗಬಹುದು. ಬಿ2 ಕೇಳಲು ಹೋಗಿ ಬಿ1.1 ಕಳೆದುಕೊಂಡರೆ, ಓದುತ್ತಿರುವ ಹುಡುಗರ ಗತಿ? ನಾನು ಮುಂದೆ ಹೋಗಿ, “ಸಾರ್, ಪುಸ್ತಕ ಸುಳ್ಳು, ಬೀರು ನಿಜ, ದಯವಿಟ್ಟು ಬೀರು ನೋಡಿ” ಅಂದೆ. ಮೇಷ್ಟರ ಕೋಣೆಯ ಕಬ್ಬಿಣದ ಬೀರು ತೆರೆಸಿ ಎರಡು ಬೀಗ, ಅರಗಿನ ಮುದ್ರೆಯ ಲಕೋಟೆಗಳು, ಯಾರು ಯಾವಾಗ ತೆಗೆದರು ಎಂಬ ದಾಖಲೆ, ಎಲ್ಲವನ್ನೂ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಎರಡನೇ ದರ್ಜೆ ಎಂದು ಬರೆದರು. ಶಾಲೆ ಉಳಿದದ್ದು ಆ ಬೀರುವಿನಿಂದ, ದಿಲ್ಲಿಯ ಪರಿಚಯದಿಂದಲ್ಲ.

ಆಮೇಲೆ ಹಳೆಯ ಪುಸ್ತಕ ಮುಂದಿಟ್ಟುಕೊಂಡು ನಾನೇ ಬರೆದೆ. ಕ್ರಿಬ್‌ನ ಹುಡುಗ, ಗ್ರಂಥಾಲಯದಾಕೆ, ಮೇಷ್ಟರು, ಒಬ್ಬೊಬ್ಬರ ಪಕ್ಕ ಕೂತು ‘ನೀನು ಏನು ಮಾಡುತ್ತೀಯೋ ಅದನ್ನೇ ಹೇಳು’ ಎಂದು ಕೇಳಿ ಬರೆದದ್ದು. ಪುಸ್ತಕ ತೆಳ್ಳಗಾಯಿತು. ಅನುಮತಿ ಬಂತು, ಆದರೆ ಆ ವರ್ಷದ ಬಿ2 ಪ್ರವೇಶದ ಹೊತ್ತು ಮೀರಿತ್ತು.

ಶಾಲೆ ತೆರೆಯುವವರಿಗೆ ಹೇಳುವುದು ಹೆಚ್ಚಿಲ್ಲ. ಪುಸ್ತಕ ನೀವೇ ಬರೆಯಿರಿ. ಬರೆದದ್ದನ್ನು ಕೆಲಸ ಮಾಡುವವನಿಗೆ ಓದಿಹೇಳಿ. ಪುಟಗಳ ಪಟ್ಟಿಯನ್ನು ಕಟ್ಟಕಡೆಗೆ ಮಾಡಿ. ಪುಸ್ತಕದಲ್ಲಿ ಹೆಸರು ಸೂಚಿಸಿದ ಮ್ಯಾನೇಜರ್ ಕೆಲಸ ಬಿಟ್ಟರೆ ಕಡತ ನಿಲ್ಲುತ್ತದೆ, ಇನ್ನೊಬ್ಬ ಅರ್ಹನನ್ನು ಗೊತ್ತುಮಾಡಿಕೊಂಡಿರಿ. ನೆಂಟರನ್ನು ಕ್ಯಾಂಟೀನಿಗಷ್ಟೇ ಇಟ್ಟುಕೊಳ್ಳಿ.

ತಂದೆತಾಯಿಗಳಿಗೆ ಹೇಳಬೇಕಾದ್ದು ಬೇರೆ ಇದೆ. ಅನುಮತಿ ಬರುವ ಮೊದಲೇ ಭಾವಮೈದುನ ಬಿ2 ಸೀಟುಗಳಿಗೆ ಅಡ್ವಾನ್ಸ್ ತೆಗೆದುಕೊಂಡಿದ್ದ. ಗದಗದಿಂದ, ಹಾಸನದಿಂದ ಬಂದ ಅಪ್ಪಂದಿರು ಆಫೀಸಿನ ಮುಂದೆ ನಿಂತಾಗ ಅವನು ಪತ್ತೆಯಿಲ್ಲ, ಉತ್ತರ ಕೊಟ್ಟವನು ನಾನು. ಹಣ ವಾಪಸ್ ಕೊಡಿಸಿದೆವು, ಹುಡುಗರ ಒಂದು ವರ್ಷವನ್ನು ಕೊಡಿಸಲಾಗಲಿಲ್ಲ. ಡಿಗ್ರಿ ಕೊಡಿಸುತ್ತೇವೆ ಅಂದರೆ ಮರುಳಾಗಬೇಡಿ, ವಿಮಾನಕ್ಕೆ ರುಜು ಹಾಕುವ ಲೈಸೆನ್ಸ್ ಕೊಡುವುದು ಡಿಜಿಸಿಎ ಮಾತ್ರ. ಹಣ ಕಟ್ಟುವ ಮೊದಲು ಡಿಜಿಸಿಎ ಜಾಲತಾಣದ ಪಟ್ಟಿಯಲ್ಲಿ ಶಾಲೆಯ ಹೆಸರು ಹುಡುಕಿ, ಅನುಮತಿ ಪತ್ರವನ್ನು ಕೇಳಿ ತರಿಸಿ ನೋಡಿ. ನಿಮ್ಮ ಮಗ ಸೇರುವ ವಿಭಾಗ ಅದರಲ್ಲಿ ಇಲ್ಲದಿದ್ದರೆ, ‘ಮುಂದಿನ ತಿಂಗಳು ಬಂದೇ ಬರುತ್ತೆ’ ಎಂದು ಯಾರು ಆಣೆ ಹಾಕಿದರೂ ಒಂದು ರೂಪಾಯಿಯನ್ನೂ ಕೊಡಬೇಡಿ.