ದೊಡ್ಡ ಅಂಗಡಿಗೆ ಹೊರಟ ಮಕ್ಕಳಿಗೆ

ಹುತ್ರಿದುರ್ಗ, ಸಂತೆಪೇಟೆಯ ಸುತ್ತಮುತ್ತಲಿನಿಂದ ಬೆಂಗಳೂರಿನ ಮಾಲ್‌ಗಳಿಗೆ ಕೆಲಸಕ್ಕೆ ಹೊರಟ ಮಕ್ಕಳೇ, ಬಟ್ಟೆ ವ್ಯಾಪಾರದಲ್ಲೇ ತಲೆ ನೆರೆಸಿಕೊಂಡವನ ನಾಲ್ಕು ಮಾತು ಕೇಳಿ. ಯುಬಿ ಸಿಟಿಯಂಥ ಜಾಗದ ಝಗಮಗ ನೋಡಿ ಅಳುಕಬೇಡಿ. ನಮ್ಮ ಬೆಟ್ಟದ ಕೋಟೆಗೂ ಬೆಂಗಳೂರಿನ ಹಳೇ ಪೇಟೆಗಳಿಗೂ ಕೆಂಪೇಗೌಡರ ಹೆಸರೇ ನಂಟು. ಆ ಊರಿನ ವ್ಯಾಪಾರಕ್ಕೆ ನೀವು ಹೊರಗಿನವರಲ್ಲ. ನಿಮ್ಮಲ್ಲೊಬ್ಬರು ಮುಂದೆ ಅಂಥ ಅಂಗಡಿಯ ಮುಖ್ಯಸ್ಥರಾಗಬೇಕು ಅನ್ನುವುದು ನನ್ನಾಸೆ. ಅದಕ್ಕೇ ಹೇಳುತ್ತೇನೆ: ಎಷ್ಟೇ ಮೇಲೆ ಹೋದರೂ ಕೌಂಟರ್ ಮರೆಯಬೇಡಿ.

ವ್ಯಾಪಾರದ ಗುಟ್ಟು ಇರುವುದೇ ಅಲ್ಲಿ. ಒಂದು ಡಿಸೈನಿನ ಶರ್ಟು 38, 40, 42, 44 ಸೈಜಿನಲ್ಲಿ ಬರುತ್ತದೆ ಅನ್ನಿ. ಹೆಚ್ಚು ಜನ ಕೇಳುವ 40, 42 ಬೇಗ ಖಾಲಿಯಾಗುತ್ತವೆ. ಉಳಿದವು ರ‍್ಯಾಕಿನಲ್ಲಿ ಒತ್ತಾಗಿ ತೂಗುತ್ತಿರುತ್ತವೆ, ಆಫೀಸಿನಲ್ಲಿ ಕುಳಿತವರಿಗೆ ಸ್ಟಾಕ್ ತುಂಬಿದಂತೆಯೇ ಕಾಣುತ್ತದೆ. ಬಂದ ಗಿರಾಕಿ ಮಾತ್ರ ಬರಿಗೈಯಲ್ಲಿ ಹೋಗುತ್ತಾನೆ. ಮಾರಿದ್ದರ ಲೆಕ್ಕ ಕಂಪ್ಯೂಟರಿನಲ್ಲಿದೆ. ಕೇಳಿದ್ದು ಸಿಗದೆ ಹೋದವರ ಲೆಕ್ಕ ಕೌಂಟರಿನಲ್ಲಿ ನಿಂತವರಿಗಷ್ಟೇ ಗೊತ್ತು. ಅದನ್ನು ದಿನವೂ ಒಂದು ಚೀಟಿಯಲ್ಲಿ ಬರೆದಿಟ್ಟು ಮ್ಯಾನೇಜರ್‌ಗೆ ತೋರಿಸಿ. ನೀವೇ ಮ್ಯಾನೇಜರ್ ಆದ ಮೇಲೆ ಆ ಚೀಟಿಯನ್ನು ನೀವಾಗಿಯೇ ಕೇಳಿ ಪಡೆಯಿರಿ.

ಮೇಲೆ ಹೋದವನು ಎಡವಿದ ಕಥೆಯನ್ನೂ ಕೇಳಿ. ಹ್ಯಾರಿ ಗಾರ್ಡನ್ ಸೆಲ್ಫ್ರಿಜ್ ಶಿಕಾಗೋದ ಮಾರ್ಷಲ್ ಫೀಲ್ಡ್ ಅಂಗಡಿಯಲ್ಲಿ ಕೆಳಗಿನ ಕೆಲಸದಿಂದ ಮೇಲೆ ಬಂದವನು. 1909ರಲ್ಲಿ ಲಂಡನ್ನಿನಲ್ಲಿ ತನ್ನದೇ ಭಾರಿ ಮಳಿಗೆ ತೆರೆದ. ಕೊಳ್ಳದಿದ್ದರೂ ಪರವಾಗಿಲ್ಲ, ಒಳಗೆ ಬಂದು ನೋಡಿ ಎಂದು ಎಲ್ಲರನ್ನೂ ಕರೆದದ್ದೇ ಅವನ ದೊಡ್ಡತನ. ಆದರೆ ಅಂಗಡಿಯ ವೈಭವವನ್ನು ತನ್ನ ಮನೆಯದೆಂದುಕೊಂಡು ಶೋಕಿಗೂ ಜೂಜಿಗೂ ಬಿದ್ದ. ತಾನು ಕಟ್ಟಿದ ಅಂಗಡಿಯಿಂದಲೇ ಹೊರಬಿದ್ದು 1947ರಲ್ಲಿ ಬಡವನಾಗಿ ತೀರಿಕೊಂಡ. ಲಕ್ಷ ರೂಪಾಯಿಯ ವಾಚು ದಿನವೂ ನಿಮ್ಮ ಕೈಯಲ್ಲಿ ಓಡಾಡುತ್ತದೆ, ಮಕ್ಕಳೇ. ಅದು ನಿಮ್ಮದಲ್ಲ. ಅದರ ಆಸೆಗೆ ಕಂತಿನ ಸಾಲಕ್ಕೆ ಕೊರಳು ಕೊಡಬೇಡಿ.

ಎಲ್ಲರನ್ನೂ ಒಳಗೆ ಕರೆದ ಸೆಲ್ಫ್ರಿಜ್‌ನ ದೊಡ್ಡತನವನ್ನಾದರೂ ಕಲಿಯಿರಿ. 2024ರ ಜುಲೈಯಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ, ಪಂಚೆ ಉಟ್ಟು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಬಾಗಿಲಲ್ಲೇ ತಡೆದರು. ವಿಧಾನಸಭೆಯವರೆಗೂ ಆ ಮಾತು ಹೋಗಿ, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ನಮ್ಮ ಅಪ್ಪಂದಿರೂ ಪಂಚೆಯವರೇ. ಗಿರಾಕಿಯ ಬಟ್ಟೆ ನೋಡಿ ಮರ್ಯಾದೆ ಅಳೆಯುವವರು ಎಷ್ಟು ಕಲಿತಿದ್ದರೂ ಈ ಕೆಲಸಕ್ಕೆ ಸಲ್ಲರು.

ಇನ್ನು ನಿಮ್ಮ ಕೈಕೆಳಗೆ ದುಡಿಯುವವರ ಮಾತು. ಶಾಪರ್ಸ್ ಸ್ಟಾಪ್ 1991ರಲ್ಲಿ ಮುಂಬೈಯ ಅಂಧೇರಿಯಲ್ಲಿ ಶುರುವಾದಾಗಿನಿಂದ ಅದನ್ನು ಕಟ್ಟಿ ಬೆಳೆಸಿದವರು ಬಿ.ಎಸ್. ನಾಗೇಶ್. 2009ರಲ್ಲಿ ಅಧಿಕಾರ ಬೇರೆಯವರಿಗೆ ಒಪ್ಪಿಸಿದರು. 2011ರಲ್ಲಿ ಅಂಗಡಿ ನೌಕರರಿಗಾಗಿಯೇ ಟ್ರೇನ್ ಎಂಬ ಟ್ರಸ್ಟ್ ಕಟ್ಟಿದರು. ಅಂಗವಿಕಲರಿಗೆ ಅಂಗಡಿ ಕೆಲಸದ ತರಬೇತಿ ಕೊಡುವುದು, ಡಿಸೆಂಬರ್ 12ನ್ನು ರಿಟೇಲ್ ನೌಕರರ ದಿನವಾಗಿ ಆಚರಿಸುವುದು ಆ ಟ್ರಸ್ಟಿನ ಕೆಲಸ. ಕುರ್ಚಿ ಬಿಟ್ಟ ಮೇಲೂ ಅವರು ನೆನೆದದ್ದು ಕೌಂಟರಿನಲ್ಲಿ ನಿಂತವರನ್ನು.

ನಿಂತವರ ಕಾಲುನೋವು ನಿಂತವರಿಗೇ ಗೊತ್ತು. ಅಂಗಡಿಯ ಹೆಣ್ಣುಮಕ್ಕಳು ಹೋರಾಡಿದ ಮೇಲೆ ಕೇರಳ 2018ರಲ್ಲಿ, ಆಮೇಲೆ ತಮಿಳುನಾಡು 2021ರಲ್ಲಿ, ನೌಕರರಿಗೆ ಕೂರಲು ಆಸನ ಕೊಡಬೇಕೆಂದು ಕಾನೂನು ತಿದ್ದಿದವು. ನೀವು ಅಧಿಕಾರಿಯಾದ ದಿನ, ಯಾರೂ ಹೇಳುವ ಮೊದಲೇ, ಪ್ರತಿ ಕೌಂಟರಿನ ಹಿಂದೆ ಒಂದು ಸ್ಟೂಲ್ ಹಾಕಿಸಿ. ಗಿರಾಕಿ ಇಲ್ಲದ ಹೊತ್ತಲ್ಲಿ ಕೂತವರನ್ನು ಗದರಬೇಡಿ. ಇಷ್ಟು ಮಾಡಿದರೆ, ನಮ್ಮೂರ ಮಕ್ಕಳು ದೊಡ್ಡವರಾದರು ಎಂದು ನಾನು ಎದೆ ತಟ್ಟಿ ಹೇಳುತ್ತೇನೆ.