ಐದು ಎಕರೆ ತೋಪು, ಸೊಂಟದೆತ್ತರ ಹುಲ್ಲು: ಯಾವ ಮೆಷಿನ್ ಕೊಳ್ಳಲಿ?

ಪ್ರಶ್ನೆ: ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾಗಿದ್ದೇನೆ. ಬಂಗಾರಪೇಟೆ ತಾಲ್ಲೂಕು ಬೂದಿಕೋಟೆ ಕಡೆ ನಮ್ಮ ತಂದೆಯವರ ಕಾಲದ ಐದು ಎಕರೆ ಮಾವಿನ ತೋಪಿದೆ. ಎರಡು ವರ್ಷದ ಹಿಂದೆ ಸುತ್ತಲೂ ಕಲ್ಲುಕಂಬ ನೆಡಿಸಿ, ತಂತಿ ಎಳೆಸಿ, ಗೇಟಿಗೆ ಬೀಗ ಹಾಕಿಸಿದೆ. ಅಲ್ಲಿಂದೀಚೆಗೆ ಮಳೆ ಬಿದ್ದರೆ ಸಾಕು, ಹುಲ್ಲು ಸೊಂಟದೆತ್ತರ ಬರುತ್ತಿದೆ. ಹಾವಿನ ಭಯಕ್ಕೆ ಮನೆಯವರು ಒಳಗೆ ಕಾಲಿಡುವುದಿಲ್ಲ. ಕೂಲಿಗೆ ಆಳು ಸಿಗುವುದಿಲ್ಲ. ಅಮೆರಿಕದಲ್ಲಿರುವ ಮಗ, ಅಲ್ಲಿನ ಹಾಗೆ ಕೂತು ಓಡಿಸುವ ಹುಲ್ಲಿನ ಮೆಷಿನ್ ಕೊಡಿಸುತ್ತೇನೆ ಅನ್ನುತ್ತಾನೆ. ಭಾವಮೈದ ಕಳೆನಾಶಕ ಹೊಡೆಸು ಅನ್ನುತ್ತಾನೆ. ನನಗೆ 64 ವರ್ಷ, ಮಂಡಿನೋವು ಬೇರೆ. ಮಗನ ದುಡ್ಡು ದಂಡ ಮಾಡಲು ಮನಸ್ಸಿಲ್ಲ, ಬೇಡ ಅಂದರೆ ಅವನಿಗೆ ಬೇಸರ. ಯಾವುದನ್ನು ಕೊಳ್ಳಲಿ?
– ಹೆಸರು ಬೇಡ, ಬಂಗಾರಪೇಟೆ

ಉತ್ತರ: ಬೀಗ ಹಾಕಿಸಿದ ಮೇಲೆ ಹುಲ್ಲು ಬರುತ್ತಿದೆ ಎಂದು ಬರೆದಿದ್ದೀರಿ. ಹುಲ್ಲು ಅದಕ್ಕೆ ಮುಂಚೆಯೂ ಬರುತ್ತಿತ್ತು ಸ್ವಾಮಿ. ಬಂದಷ್ಟೂ ಯಾರದೋ ಸೀಮೆಹಸುವಿನ ಹೊಟ್ಟೆ ಸೇರುತ್ತಿದ್ದುದರಿಂದ ನಿಮ್ಮ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಕೋಲಾರ ಜಿಲ್ಲೆ ಹಾಲಿನ ಮೇಲೆ ನಿಂತ ಜಿಲ್ಲೆ. ಬೆಳಿಗ್ಗೆ ಸಂಜೆ ಡೈರಿಗೆ ಕ್ಯಾನು ಹಿಡಿದು ಹೋಗುವ ಮನೆಗಳು ನಿಮ್ಮ ತೋಪಿನ ಸುತ್ತಮುತ್ತಲಿನ ಊರುಗಳಲ್ಲೂ ಇರಲೇಬೇಕು. ಆ ಮನೆಯ ಹೆಂಗಸರು ಕುಡುಗೋಲು ಹಿಡಿದು ಬಂದು, ಬದುವಿನಲ್ಲಿ ಒಂದು ಹೊರೆ, ಮರದಡಿ ಒಂದು ಹೊರೆ ಕೊಯ್ದುಕೊಂಡು ಹೋಗುತ್ತಿದ್ದರು. ನಿಮಗೆ ಕಾಸಿಲ್ಲದೆ ಕೆಲಸ, ಅವರಿಗೆ ಕಾಸಿಲ್ಲದೆ ಮೇವು. ಮಾವು ಕಳುವಾಗುತ್ತದೆಂದು ಬೇಲಿ ಹಾಕಿಸಿದ್ದು ತಪ್ಪೆನ್ನುವುದಿಲ್ಲ. ಆದರೆ ಕಾಯಿ ಇರುವುದು ಮಾರ್ಚಿನಿಂದ ಜುಲೈವರೆಗೆ, ಹುಲ್ಲು ಜೋರಾಗಿ ಏಳುವುದು ಆಗಸ್ಟಿನಿಂದ ನವೆಂಬರ್‌ವರೆಗೆ. ಕಾಯಿ ಇಳಿದ ಮೇಲೂ ಬೀಗ ಯಾಕೆ? ನಂಬಿಕೆಯ ಒಂದೆರಡು ಮನೆಗೆ ಕೀಲಿ ಕೊಟ್ಟು, 'ಕಾಂಗ್ರೆಸ್ ಗಿಡ ಕಂಡರೆ ಬೇರುಸಹಿತ ಕಿತ್ತು ಹಾಕಿ, ಹುಲ್ಲು ನಿಮ್ಮದು' ಎಂದು ಹೇಳಿ ನೋಡಿ. ಐದು ಎಕರೆಯ ಅರ್ಧದಷ್ಟಾದರೂ ಹಾಗೇ ತಹಬಂದಿಗೆ ಬರುತ್ತದೆ. ಕುರಿ ಮಂದೆಯವರು ನಿಮ್ಮ ಕಡೆ ಹಾಯುತ್ತಾರಾದರೆ ಒಂದೆರಡು ರಾತ್ರಿ ತಂಗಿಸಿ. ಹುಲ್ಲೂ ತೀರುತ್ತದೆ, ಗೊಬ್ಬರವೂ ಬೀಳುತ್ತದೆ. ಎಳೆ ಸಸಿ ಇರುವ ಕಡೆ ಮಾತ್ರ ಬಿಡಬೇಡಿ.

ಉಳಿದ ಅರ್ಧಕ್ಕೆ ಮೆಷಿನ್ ಬೇಕೇ ಬೇಕು. ಮಗ ಹೇಳುವ ಗಾಡಿಯ ವಿಚಾರಕ್ಕೆ ಬರೋಣ.

ಅದು ಒಳ್ಳೆಯ ಗಾಡಿಯೇ, ಆದರೆ ಲಾನಿಗೆ. ಲಾನ್ ಮೂವರ್ ಹುಟ್ಟಿದ್ದೇ ಬಟ್ಟೆ ಗಿರಣಿಯಿಂದ: ಉಣ್ಣೆಬಟ್ಟೆಯ ಮೇಲಿನ ಜುಂಗನ್ನು ಸಮನಾಗಿ ಕತ್ತರಿಸುವ ಯಂತ್ರ ನೋಡಿ, ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಅದನ್ನು ಹುಲ್ಲಿಗೆ ಒಗ್ಗಿಸಿದ. ಬೆರಳುದ್ದದ ಹುಲ್ಲನ್ನು ವಾರವಾರವೂ ಅಷ್ಟಷ್ಟೇ ಸವರುವುದು ಅದರ ಕಸುಬು. ಕೆಜಿಎಫ್‌ನಲ್ಲಿ ಇಂಗ್ಲಿಷ್ ಸಾಹೇಬರ ಬಂಗಲೆಗಳ ಮುಂದೆ ಅಂಥ ಹುಲ್ಲುಹಾಸು ಸಾಗಿತು, ಏಕೆಂದರೆ ಬೇತಮಂಗಲದಿಂದ ನೀರೂ ಬರುತ್ತಿತ್ತು, ಮಾಲಿಗಳೂ ಇದ್ದರು. ನಿಮ್ಮದು ಕೆಂಪು ನೆಲ, ಬೆಣಚುಕಲ್ಲು, ಅಲ್ಲಲ್ಲಿ ತಲೆ ಎತ್ತಿದ ಬಂಡೆ, ಇಲಿ ಬಿಲ, ಹುತ್ತ. ಕೂತು ಓಡಿಸುವ ಗಾಡಿಯ ಬ್ಲೇಡು ನೆಲದಿಂದ ಎರಡು–ನಾಲ್ಕು ಅಂಗುಲ ಮೇಲೆ ತಿರುಗುತ್ತದೆ. ಒಂದು ಕಲ್ಲು ಸಿಕ್ಕರೆ ಬ್ಲೇಡು ಹೋಯಿತು, ನಸೀಬು ಕೆಟ್ಟಿದ್ದರೆ ಅದನ್ನು ತಿರುಗಿಸುವ ಶಾಫ್ಟೂ ಬಾಗಿತು. ಸೊಂಟದೆತ್ತರದ ಹಸಿ ಹುಲ್ಲು ಅದರ ತಳದಲ್ಲಿ ಸುತ್ತಿಕೊಂಡು ಎಂಜಿನ್ ನಿಂತೇ ಹೋಗುತ್ತದೆ. ಬೆಲೆ ಲಕ್ಷಗಳಲ್ಲಿ. ಬೆಲ್ಟು ಹರಿದರೆ ಬಂಗಾರಪೇಟೆಯಲ್ಲಿ ಸಿಗುವುದೇ ಎಂದು ಒಮ್ಮೆ ವಿಚಾರಿಸಿ ಬನ್ನಿ, ಉತ್ತರ ಅಲ್ಲೇ ಸಿಗುತ್ತದೆ.

ಹಾಗಾದರೆ ತಳ್ಳಿಕೊಂಡು ಹೋಗುವ ಚಿಕ್ಕ ಮೂವರ್? ಲೆಕ್ಕ ಹಾಕೋಣ. ಒಂದು ಎಕರೆ ಅಂದರೆ 43,560 ಚದರಡಿ. 21 ಅಂಗುಲ ಅಗಲದ ಮೂವರ್ ಹಿಡಿದರೆ ಎಕರೆಗೆ ಏಳೂವರೆ ಕಿಲೋಮೀಟರ್‌ಗೂ ಹೆಚ್ಚು ನಡೆಯಬೇಕು. ಐದು ಎಕರೆಗೆ 38 ಕಿಲೋಮೀಟರ್, ಅದೂ ಸಾಲಿನ ಮೇಲೆ ಸಾಲು ಹಾಯದಂತೆ ಲೆಕ್ಕ ಹಿಡಿದರೆ. ಬಂಗಾರಪೇಟೆಯಿಂದ ಕೆಜಿಎಫ್‌ಗೆ ನಡೆದು ಹೋಗಿ ನಡೆದೇ ವಾಪಸ್ ಬಂದರೂ ಅಷ್ಟಾಗದು. ನಿಮ್ಮ ಮಂಡಿ ಒಪ್ಪುವ ಮಾತಲ್ಲ. ಅದೇ ಟ್ರ್ಯಾಕ್ಟರ್ ಹಿಂದೆ ಕಟ್ಟುವ ಐದಡಿ ಅಗಲದ ಸ್ಲಾಷರ್ ಆದರೆ ಎಕರೆಗೆ ಎರಡೂಮುಕ್ಕಾಲು ಕಿಲೋಮೀಟರ್ ಒಳಗೇ ಮುಗಿಯುತ್ತದೆ. ಮರ ಬಳಸಿ ತಿರುಗಿಸುವ ಹೊತ್ತು ಸೇರಿಸಿದರೂ ಇಡೀ ತೋಪು ಒಂದು ಹಗಲಿನ ಕೆಲಸ.

ಆದ್ದರಿಂದ ನನ್ನ ಸಲಹೆ: ದೊಡ್ಡದನ್ನು ಬಾಡಿಗೆಗೆ ತನ್ನಿ, ಚಿಕ್ಕದನ್ನು ಕೊಳ್ಳಿ. ಸಾಲುಗಳ ನಡುವಿಗೆ ಸ್ಲಾಷರ್ ಬಾಡಿಗೆ, ಮರದ ಬುಡ, ಬದು ಮತ್ತು ಬೇಲಿಯ ಅಂಚಿಗೆ ಸ್ವಂತದ್ದೊಂದು ಬ್ರಷ್ ಕಟರ್; ಅದನ್ನು ಹಿಡಿಯಲು ಒಬ್ಬ ಆಳು ಸಿಕ್ಕರೆ ಸಾಕು.

ಸ್ಲಾಷರ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ, ಇಲ್ಲವೆಂದರೆ ಟ್ರ್ಯಾಕ್ಟರ್ ಇಟ್ಟುಕೊಂಡವರಲ್ಲಿ ಕೇಳಿ. ನೂರಕ್ಕೆ ತೊಂಬತ್ತು ಜನ 'ಸ್ಲಾಷರ್ ಯಾಕೆ ಸಾರ್, ರೊಟವೇಟರ್ ಹೊಡೆದುಬಿಡ್ತೀನಿ' ಅನ್ನುತ್ತಾರೆ. ಒಪ್ಪಬೇಡಿ. ರೊಟವೇಟರ್ ಮಾವಿನ ಮೇಲ್ಬೇರು ಹರಿಯುತ್ತದೆ, ಜೇಕಿನ ಗಡ್ಡೆಗಳನ್ನು ಇಡೀ ತೋಪಿಗೆ ಹಂಚುತ್ತದೆ. ಸಡಿಲವಾದ ಕೆಂಪು ಮಣ್ಣು ಸೆಪ್ಟೆಂಬರ್ ಮಳೆಗೆ ಕೊಚ್ಚಿ ಹೋಗುತ್ತದೆ. ಬೇರು ನೆಲದಲ್ಲಿರಲಿ, ತಲೆ ಮಾತ್ರ ಹೋಗಲಿ. ಡ್ರಿಪ್ ಪೈಪಿದ್ದರೆ ಹಿಂದಿನ ದಿನವೇ ಸುತ್ತಿ ಮರದ ಬುಡಕ್ಕೆ ಸರಿಸಿಡಿ. ಇನ್ನೊಂದು, ಸ್ಲಾಷರ್ ಹುಲ್ಲನ್ನು ಚಿಂದಿ ಮಾಡಿ ನೆಲದ ಮೇಲೆ ಚೆಲ್ಲುತ್ತದೆ, ಹಸು ಅದನ್ನು ಮೂಸುವುದಿಲ್ಲ. ಮೇವಿಗೆ ಕೊಡುವ ಜಾಗವನ್ನು ಕುಡುಗೋಲಿಗೇ ಬಿಟ್ಟು ಉಳಿದದ್ದಕ್ಕೆ ಟ್ರ್ಯಾಕ್ಟರ್ ಇಳಿಸಿ.

ಬ್ರಷ್ ಕಟರ್ ಕೊಳ್ಳುವಾಗ ಮಾತ್ರ ಅವಸರ ಬೇಡ. ಅಂಗಡಿಯವನು ಮೊದಲು ತೋರಿಸುವುದು ಸಾಮಾನ್ಯವಾಗಿ ಟೂ ಸ್ಟ್ರೋಕ್: ಹಗುರ, ಅಗ್ಗ, ಜೋರು. ಅದಕ್ಕೆ ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಕು. ಕಂಪನಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. ನೀವೇ ನಿಂತು ಬೆರೆಸಿದರೆ ತೊಂದರೆಯಿಲ್ಲ. ಆಳಿನ ಕೈಗೆ ಕೊಟ್ಟು ಊರಿಗೆ ಬಂದಿರೋ, ಯಾವತ್ತಾದರೊಂದು ದಿನ ಬರೀ ಪೆಟ್ರೋಲ್ ಬಿದ್ದೇ ಬೀಳುತ್ತದೆ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ದಿನಾ ತೋಪಿನಲ್ಲಿರದ ನಿಮ್ಮಂಥವರಿಗೆ 35 ಸಿಸಿ ಆಸುಪಾಸಿನ ಫೋರ್ ಸ್ಟ್ರೋಕ್ ಮೇಲು. ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಸದ್ದೂ ಹೊಗೆಯೂ ಕಡಿಮೆ. ಸ್ವಲ್ಪ ಭಾರ, ಸ್ವಲ್ಪ ದುಬಾರಿ. ಕೊಡಿ.

ಬೆನ್ನಿಗೆ ಹಾಕುವುದೋ, ಪಕ್ಕಕ್ಕೆ ನೇತುಹಾಕುವುದೋ? ಬದು, ಇಳಿಜಾರು ಜಾಸ್ತಿಯಿದ್ದರೆ ಬೆನ್ನಿನದು. ಸಮತಟ್ಟು ತೋಪಿಗೆ ಪಕ್ಕದ್ದು, ಸೈಕಲ್ ಹ್ಯಾಂಡಲ್‌ನಂತೆ ಎರಡು ಹಿಡಿ ಇರುವುದು; ತೂಕ ಭುಜದ ಬೆಲ್ಟಿಗೆ ಬೀಳುತ್ತದೆ, ಸೊಂಟ ಹಿಡಿಯುವುದಿಲ್ಲ. ನೈಲಾನ್ ದಾರದ ತಲೆ, ಮೂರು ಹಲ್ಲಿನ ಬ್ಲೇಡು, ಗರಗಸದಂತಹ ದುಂಡು ಬ್ಲೇಡು ಮೂರೂ ಬೇಕು ಎಂದು ಕೇಳಿ. ಮರದ ಬುಡದಲ್ಲಿ, ಕಲ್ಲುಕಂಬದ ಪಕ್ಕದಲ್ಲಿ ದಾರ. ಬಯಲ ಹುಲ್ಲಿಗೆ ಮೂರು ಹಲ್ಲು. ಲಂಟಾನ ಗಿಡಕ್ಕೆ ದುಂಡು ಬ್ಲೇಡು. ಎಳೆ ಮಾವಿನ ಕಾಂಡಕ್ಕೆ ದಾರವೂ ಶತ್ರು. ತೊಗಟೆ ಸುತ್ತಲೂ ಕಿತ್ತುಬಂದರೆ ಸಸಿ ಒಣಗಿಯೇ ತೀರುತ್ತದೆ. ಅಂಥ ಸಸಿಯ ಬುಡದ ಸುತ್ತ ಒಂದು ಗೇಣು ಜಾಗದ ಹುಲ್ಲನ್ನು ಕೈಯಲ್ಲೇ ಕೀಳಿಸಿ.

ಹಿಡಿಯುವ ರೀತಿ: ಮೇಲಿನಿಂದ ನೋಡಿದರೆ ಬ್ಲೇಡು ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗುತ್ತದೆ. ಬಲದಿಂದ ಎಡಕ್ಕೆ ಬೀಸಿದರೆ ಹುಲ್ಲು ಎಡಗಡೆ, ಆಗಲೇ ಕೊಯ್ದ ಜಾಗಕ್ಕೆ ಸಾಲಾಗಿ ಬೀಳುತ್ತದೆ. ಬ್ಲೇಡಿನ ಬಲ ಮುಂಭಾಗ ಕಲ್ಲಿಗೋ ಕೊರಡಿಗೋ ತಾಗಿದರೆ ಇಡೀ ಮೆಷಿನ್ ಪಕ್ಕಕ್ಕೆ ಚಿಮ್ಮುತ್ತದೆ. ಕಾಲಿಗೆ ಏಟಾಗುವುದು ಹೀಗೆಯೇ. ಬೆಣಚುಕಲ್ಲು ಸಿಡಿದರೆ ಗುಂಡಿನಂತೆ ಹಾರುತ್ತದೆ. 50 ಅಡಿ ಒಳಗೆ ಮಕ್ಕಳು, ದನ, ಹುಲ್ಲು ಆಯುವವರು ಯಾರೂ ಇರಕೂಡದು. ಕಣ್ಣಿಗೆ ಜಾಲರಿ ಮುಖವಾಡ, ಕಾಲಿಗೆ ಗಂಬೂಟು ಇಲ್ಲದೆ ಸ್ಟಾರ್ಟ್ ಮಾಡಲು ಬಿಡಬೇಡಿ. ಲುಂಗಿಯಲ್ಲಿ ಅಂತೂ ಬೇಡವೇ ಬೇಡ.

ಮನೆಯವರ ಹಾವಿನ ಭಯ ಸುಮ್ಮನೆಯದಲ್ಲ, ನಮ್ಮ ಕಡೆ ಕೊಳಕುಮಂಡಲ ಇದೆ. ಸುತ್ತಲಿಂದ ಶುರುಮಾಡಿ ನಡುವಿಗೆ ಕೊಚ್ಚುತ್ತ ಬಂದರೆ ಹಾವು, ಮೊಲ ಎಲ್ಲ ಕೊನೆಯ ಪೊದೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಗೇಟಿನ ಕಡೆಯಿಂದ ಹಿಡಿದು ಹಿಂದಿನ ಬದುವಿನತ್ತ ಸಾಗಿ, ಅವಕ್ಕೆ ದಾರಿ ಇರಲಿ. ಬಿಸಿಲೇರಿ ಇಬ್ಬನಿ ಆರಿದ ಮೇಲೆ ಆರಂಭಿಸಿ.

ಭಾವಮೈದರ ಕಳೆನಾಶಕದ ಸಲಹೆ ನನಗೆ ಹಿಡಿಸಲಿಲ್ಲ. ಗ್ಲೈಫೋಸೇಟ್ ಹೊಡೆದ ನೆಲ ಬೋಳಾಗುತ್ತದೆ, ಬೋಳು ನೆಲದಲ್ಲಿ ಮುಂದಿನ ಮಳೆಗೆ ಮೊದಲು ಏಳುವುದು ಕಾಂಗ್ರೆಸ್ ಗಿಡ. ಗಾಳಿಗೆ ಪಕ್ಕದವರ ಹಿಪ್ಪುನೇರಳೆಯ ಮೇಲೆ ಹಾರಿದರೆ ಅವರ ಬೆಳೆಯೂ ಹಾಳು, ನೆರೆಹೊರೆಯೂ ಹಾಳು. ಇದನ್ನು ತರಬೇತಾದ ಕೀಟ ನಿಯಂತ್ರಣ ಸಂಸ್ಥೆಗಳವರೇ ಬಳಸಬೇಕು ಎಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿದೆ. ಹಸು ಮೇಯುವ ಜಾಗದಲ್ಲಂತೂ ಆ ಮಾತೇ ಬೇಡ.

ಯಾವಾಗ ಕೊಯ್ಯಿಸಬೇಕು? ಕಾಯಿ ಇಳಿದ ಮೇಲೆ ಆಗಸ್ಟಿನಲ್ಲಿ ಒಮ್ಮೆ. ಸೆಪ್ಟೆಂಬರ್, ಅಕ್ಟೋಬರಿನ ದೊಡ್ಡ ಮಳೆಗೆ ಹುಲ್ಲು ಮತ್ತೆ ಎದ್ದು ತೆನೆ ಬಿಡುವ ಮುಂಚೆ ಇನ್ನೊಮ್ಮೆ. ನವೆಂಬರ್ ಕೊನೆಯ ಕೊಯ್ಲನ್ನು ಮಾತ್ರ ತಪ್ಪಿಸಬೇಡಿ. ಹಾಗೇ ಬಿಟ್ಟ ಹುಲ್ಲು ಸಂಕ್ರಾಂತಿ ಹೊತ್ತಿಗೆ ಒಣಗಿ ನಿಲ್ಲುತ್ತದೆ, ಮಾವು ಹೂ ಬಿಟ್ಟಿರುತ್ತದೆ. ದಾರಿಹೋಕನ ಒಂದು ಬೀಡಿ ತುಂಡು ಸಾಕು. ಕೊಯ್ದದ್ದನ್ನು ಮರದ ಪಾತಿಗೆ ಹೊದಿಸಿ, ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ. ಅದಾದ ಮೇಲೆ ಮೆಷಿನ್ನಿನ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಎತ್ತಿಡಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಕಾರ್ಬ್ಯುರೇಟರ್ ಕಟ್ಟುತ್ತದೆ.

ಸಬ್ಸಿಡಿ ಬೇಕಾದರೆ ಕೊಳ್ಳುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 90ರವರೆಗೆ ಸಹಾಯಧನವಿದೆ, ಆ ವರ್ಷದ ಪಟ್ಟಿಯಲ್ಲಿ ಬ್ರಷ್ ಕಟರ್ ಇದೆಯೇ, ಅನುದಾನ ಉಳಿದಿದೆಯೇ ಕೇಳಿಕೊಳ್ಳಿ. ತೋಪು 'ತಂದೆಯವರ ಕಾಲದ್ದು' ಎಂದಿದ್ದೀರಿ. ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ, ಪೌತಿ ಖಾತೆ ಮೊದಲು ಮಾಡಿಸಿ.

ಇನ್ನು ಮಗ. ನೀವು ಬೇಡ ಎಂದರೆ ಅವನಿಗೆ ಕೇಳಿಸುವುದು 'ನಿನ್ನ ದುಡ್ಡು ಬೇಡ' ಎಂದು. ಬದಲಿಗೆ ವಿಡಿಯೋ ಕಾಲ್ ಮಾಡಿ, ತೋಪಿನಲ್ಲಿ ನಡೆದು ಕಲ್ಲು, ಹುತ್ತ ತೋರಿಸಿ, ಮೇಲಿನ 38 ಕಿಲೋಮೀಟರಿನ ಲೆಕ್ಕ ಹೇಳಿ. ಎಂಟು ಸಾವಿರ ಮೈಲಿ ಆಚೆಯಿಂದ ಅಪ್ಪನ ಮಂಡಿಗೆ ಏನಾದರೂ ಮಾಡಬೇಕು ಅನ್ನುವುದಷ್ಟೇ ಅವನ ಆಸೆ. ಬ್ರಷ್ ಕಟರ್, ಗಂಬೂಟು, ಮುಖವಾಡ, ವರ್ಷದ ಟ್ರ್ಯಾಕ್ಟರ್ ಬಾಡಿಗೆ ಅವನದೇ ಖರ್ಚಾಗಲಿ. ಆ ಗಾಡಿಯ ಬೆಲೆಯ ಸಣ್ಣ ಪಾಲೂ ಆಗುವುದಿಲ್ಲ. ಮಿಕ್ಕ ದುಡ್ಡಿನಲ್ಲಿ ನಿಮ್ಮ ಮಂಡಿಯನ್ನು ಒಳ್ಳೆಯ ಮೂಳೆ ಡಾಕ್ಟರಿಗೆ ತೋರಿಸಿ.

ಅಂಗಡಿಗೆ ಹೋಗುವಾಗ ಮೆಷಿನ್ ಹಿಡಿಯುವ ಆಳನ್ನೂ ಜೊತೆಗೆ ಕರೆದೊಯ್ಯಿರಿ. ಬೆಲ್ಟನ್ನು ಅವನ ಭುಜಕ್ಕೆ ಹೊಂದಿಸಿ, ಅಂಗಡಿಯ ಮುಂದೆಯೇ ಸ್ಟಾರ್ಟ್ ಮಾಡಿಸಿ, ಹತ್ತು ನಿಮಿಷ ಹೊತ್ತು ನಿಲ್ಲಿಸಿ ನೋಡಿ. ಅವನು ಮುಖ ಸಿಂಡರಿಸಿದರೆ ಆ ಮಾಡೆಲ್ ಬಿಟ್ಟು ಬೇರೆಯದನ್ನು ಕೇಳಿ.